ನಾಯಿಮರಿಯ ಮೈಮೇಲೆ ಗುಳ್ಳೆ: ಕಾಯಬೇಕಾ, ತೊಳೆಯಬೇಕಾ, ಇವತ್ತೇ ತೋರಿಸಬೇಕಾ?

ಮರಿಯನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು ಹೊಟ್ಟೆ ಸವರುತ್ತಿರುತ್ತೀರಿ. ಬೆರಳಿಗೆ ಏನೋ ತಗಲುತ್ತದೆ. ಕೂದಲು ಸರಿಸಿ ನೋಡಿದರೆ ಒಂದು ಕೆಂಪು ಗುಳ್ಳೆ, ಪಕ್ಕದಲ್ಲಿ ಇನ್ನೆರಡು. ನಿನ್ನೆ ಇತ್ತಾ ಅಂತ ಯೋಚಿಸಿದರೆ ನೆನಪಿಗೆ ಬರುವುದಿಲ್ಲ. ಆಗ ಮನೆಯಲ್ಲಿ ಮೂರು ಮಾತು ಕೇಳುತ್ತದೆ. ಬಿಡು, ತಾನಾಗೇ ಹೋಗುತ್ತೆ ಎನ್ನುತ್ತಾರೆ ಒಬ್ಬರು. ಚೆನ್ನಾಗಿ ತೊಳೆದುಬಿಡು ಎನ್ನುತ್ತಾರೆ ಇನ್ನೊಬ್ಬರು. ಈಗಲೇ ಡಾಕ್ಟರ್‌ಗೆ ತೋರಿಸೋಣ ಎನ್ನುತ್ತಾರೆ ಮತ್ತೊಬ್ಬರು. ಮೂರೂ ಸರಿಯೇ, ಆದರೆ ಬೇರೆ ಬೇರೆ ಗುಳ್ಳೆಗೆ.

ಈ ಮೂರರಲ್ಲಿ ನಿಮ್ಮ ಮರಿಗೆ ಯಾವುದು ಅಂತ ಆರಿಸಿಕೊಳ್ಳುವುದಕ್ಕೆ ಈ ಬರಹ. ನಾಲ್ಕನೆಯ ದಾರಿಯೊಂದಿದೆ, ಮನೆಯಲ್ಲಿ ಬಿದ್ದಿರುವ ಟ್ಯೂಬ್ ತೆಗೆದು ಹಚ್ಚುವುದು. ಅದು ಬೇಡ. ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮನೆಗೆ ಬಂದ ಮೊದಲ ಮರಿಗೆ ನಾಲ್ಕು ತಿಂಗಳಿದ್ದಾಗ ಕಣ್ಣಿನ ಮೇಲೆ ಸ್ವಲ್ಪ ಕೂದಲು ಉದುರಿ, ಸಣ್ಣ ಕೆಂಪು ಗುಳ್ಳೆ ಎದ್ದವು. ಮನೆಯಲ್ಲಿ ಚರ್ಮಕ್ಕೆ ಹಚ್ಚುವ ಮುಲಾಮು ಇತ್ತು. ಹಚ್ಚಿದೆವು. ನಾಲ್ಕೇ ದಿನಕ್ಕೆ ಕೆಂಪು ಇಳಿಯಿತು, ನಮಗೂ ನೆಮ್ಮದಿಯಾಯಿತು. ಮೂರು ವಾರ ಹಚ್ಚುತ್ತಲೇ ಇದ್ದೆವು. ಅಷ್ಟರಲ್ಲಿ ಮೂತಿ, ಮುಂಗಾಲು, ಬೆರಳ ಸಂದು ಎಲ್ಲಾ ಕಡೆ ಹರಡಿತ್ತು. ಅದು ಡೆಮೋಡೆಕ್ಸ್ ಎಂಬ ನುಸಿ. ಮುಲಾಮಿನಲ್ಲಿ ಸ್ಟಿರಾಯ್ಡ್ ಇತ್ತು. ಸ್ಟಿರಾಯ್ಡ್ ಚರ್ಮದ ಕೆಂಪನ್ನೂ ಊತವನ್ನೂ ಇಳಿಸುತ್ತದೆ, ಜೊತೆಗೆ ಮೈಯ ಕಾವಲನ್ನೂ ಇಳಿಸುತ್ತದೆ. ಕಾವಲು ಇಳಿದ ಕಡೆ ನುಸಿ ಹೆಚ್ಚುತ್ತದೆ. ಹೊರಗೆ ವಾಸಿಯಾದಂತೆ ಕಾಣುತ್ತಿತ್ತು, ಒಳಗೆ ಜಾಸ್ತಿಯಾಗುತ್ತಿತ್ತು. ಅದು ಪೂರ್ತಿ ಗುಣವಾಗಲು ಸುಮಾರು ನಾಲ್ಕು ತಿಂಗಳು ಹಿಡಿಯಿತು.

ಇಷ್ಟೇ ಆಗಿದ್ದರೆ ಸ್ಟಿರಾಯ್ಡ್ ಕೆಟ್ಟದ್ದು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಮರಿಗಳಿಗೆ ಬರುವ ಇನ್ನೊಂದು ಕಾಯಿಲೆಯಲ್ಲಿ ಜೀವ ಉಳಿಸುವುದೇ ಸ್ಟಿರಾಯ್ಡ್. ಒಂದೇ ಔಷಧಿ, ಒಂದು ಗುಳ್ಳೆಗೆ ಮದ್ದು, ಇನ್ನೊಂದಕ್ಕೆ ವಿಷ. ನೋಡುವುದಕ್ಕೆ ಎರಡೂ ಕೆಂಪು ಗುಳ್ಳೆಯೇ. ಅದಕ್ಕೇ ಗುಳ್ಳೆ ಯಾವುದು ಅಂತ ತಿಳಿಯುವ ಮುಂಚೆ ಏನನ್ನೂ ಹಚ್ಚಬೇಡಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗುಳ್ಳೆಗಿಂತ ಮೊದಲು ಮರಿಯನ್ನು ನೋಡಿ

ಗುಳ್ಳೆಯ ಬಣ್ಣ, ಆಕಾರ ನೋಡಿ ಹೆಸರು ಹೇಳುವುದು ಡಾಕ್ಟರಿಗೂ ಕಷ್ಟ. ಆದರೆ ಬೇರೆ ಕೆಲವು ವಿಷಯಗಳು ಬಹಳ ಹೇಳುತ್ತವೆ. ಮರಿಗೆ ಎಷ್ಟು ವಾರ? ಗುಳ್ಳೆ ಎಲ್ಲಿ ಎದ್ದಿದೆ, ಕೂದಲಿಲ್ಲದ ಹೊಟ್ಟೆಯಲ್ಲಾ, ಮೂತಿಯಲ್ಲಾ, ಕಿವಿಯ ಅಂಚಲ್ಲಾ? ಒಂದೇ ಇದೆಯಾ, ಗುಂಪಾಗಿದೆಯಾ? ಒಂದು ಗಂಟೆಯಲ್ಲಿ ಬಂತಾ, ಒಂದು ವಾರದಲ್ಲಿ ಬಂತಾ? ತುರಿಸಿಕೊಳ್ಳುತ್ತಿದೆಯಾ? ತುರಿಕೆಯ ಪ್ರಶ್ನೆಯೊಂದೇ ಅರ್ಧ ಕಾಯಿಲೆಗಳನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ.

ಇವೆಲ್ಲಕ್ಕಿಂತ ದೊಡ್ಡದು, ಮರಿ ಹೇಗಿದೆ ಅನ್ನೋದು. ಓಡಾಡುತ್ತಾ, ತಿನ್ನುತ್ತಾ, ಚಪ್ಪಲಿ ಕಚ್ಚುತ್ತಾ ಇರುವ ಮರಿಯ ಹೊಟ್ಟೆಯಲ್ಲಿ ಹತ್ತು ಗುಳ್ಳೆ ಇದ್ದರೂ ನಿಮಗೆ ಯೋಚಿಸಲು ಸಮಯವಿದೆ. ಮಂಕಾಗಿ ಮೂಲೆ ಸೇರಿರುವ ಮರಿಗೆ ಎರಡೇ ಗುಳ್ಳೆ ಇದ್ದರೂ ಸಮಯವಿಲ್ಲ. ನಾಯಿಗಳ ಮೈಬಿಸಿ ನಮಗಿಂತ ಜಾಸ್ತಿ, ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಹಾಗಾಗಿ ಮುಟ್ಟಿ ನೋಡಿ ಬೆಚ್ಚಗಿದೆ ಅಂತ ಗಾಬರಿಯಾಗಬೇಡಿ, ಥರ್ಮಾಮೀಟರ್ ಇಟ್ಟು ನೋಡಿ. 103 ದಾಟಿ, ಜೊತೆಗೆ ಮಂಕೂ ಇದ್ದರೆ ಜ್ವರವೆಂದೇ ತಿಳಿಯಿರಿ.

ಹೊಟ್ಟೆ ಮತ್ತು ತೊಡೆಸಂದು

ಮರಿಗಳಲ್ಲಿ ಅತಿ ಹೆಚ್ಚು ಕಾಣುವುದು ಇಲ್ಲೇ. ಕೂದಲು ಕಡಿಮೆ ಇರುವ ಹೊಟ್ಟೆ, ತೊಡೆಸಂದು, ಕಂಕುಳಲ್ಲಿ ಸಾಸಿವೆಯಷ್ಟು ಗಾತ್ರದ ಗುಳ್ಳೆ, ತುದಿಯಲ್ಲಿ ಬಿಳಿ ಅಥವಾ ಹಳದಿ ಕೀವು. ಮುಟ್ಟಿದರೆ ಒಡೆಯುವಷ್ಟು ತೆಳ್ಳಗಿರುತ್ತವೆ. ಒಡೆದ ಮೇಲೆ ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದೆ, ಆಮೇಲೆ ಅಂಚಿನಲ್ಲಿ ಸಿಪ್ಪೆ ಎದ್ದ ಸಣ್ಣ ಉಂಗುರ ಉಳಿಯುತ್ತದೆ. ಇದು ಮರಿಗಳ ಕೀವುಗುಳ್ಳೆ, ಡಾಕ್ಟರ್ ಬಾಯಲ್ಲಿ ಇಂಪೆಟೈಗೊ ಅಥವಾ ಪಪ್ಪಿ ಪಯೋಡರ್ಮ. ನಾಯಿಗಳ ಚರ್ಮದ ಮೇಲೆ ಯಾವಾಗಲೂ ಇರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಮರಿಯ ಚರ್ಮ ತೆಳು, ಮೈಯ ಕಾವಲು ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಮೂತ್ರದಲ್ಲಿ ನೆನೆದ ಹಾಸಿಗೆಯಲ್ಲಿ ಮಲಗುತ್ತದೆ, ಹೊಟ್ಟೆಯಲ್ಲಿ ಜಂತುಹುಳವೂ ಇರಬಹುದು. ಇದರಲ್ಲಿ ಯಾವುದಾದರೂ ಒಂದಿದ್ದರೆ ಸಾಕು, ಸುಮ್ಮನಿದ್ದ ಬ್ಯಾಕ್ಟೀರಿಯಾ ಹೆಚ್ಚಿಕೊಳ್ಳುತ್ತದೆ.

ಇದರಲ್ಲಿ ತುರಿಕೆ ಇರುವುದಿಲ್ಲ, ಇದ್ದರೂ ಕಡಿಮೆ. ಇನ್ನೊಂದು ಮರಿಗೆ ಅಂಟುವುದೂ ಇಲ್ಲ. ಒಂದೇ ಸೂಲಿನ ನಾಲ್ಕು ಮರಿಗೂ ಬಂದಿದ್ದರೆ, ನಾಲ್ಕೂ ಮಲಗುವ ಜಾಗದ ಕಡೆ ನೋಡಿ.

ಚಿಗಟ ಕಚ್ಚಿದ ಗುಳ್ಳೆಯೂ ಹೊಟ್ಟೆಯಲ್ಲೇ ಏಳುತ್ತದೆ, ಅಲ್ಲೇ ಜನ ತಪ್ಪುವುದು. ವ್ಯತ್ಯಾಸ ಸುಲಭ. ಚಿಗಟದ್ದರಲ್ಲಿ ಕೀವು ಇರುವುದಿಲ್ಲ, ಬರೀ ಕೆಂಪು ಚುಕ್ಕೆ. ತುರಿಕೆ ಜಾಸ್ತಿ. ಮರಿ ಬಾಲದ ಬುಡವನ್ನು ತಿರುಗಿ ತಿರುಗಿ ಕಚ್ಚಿಕೊಳ್ಳುತ್ತದೆ. ಬಾಲದ ಬುಡದ ಕೂದಲು ಬಾಚಿ, ಬಿದ್ದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ ನೋಡಿ. ಕೆಂಪು ಮಿಶ್ರಿತ ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಬಣ್ಣ ಬಿಡದಿದ್ದರೆ ಬರೀ ಮಣ್ಣು. ತೀರಾ ಚಿಕ್ಕ ಮರಿಗೆ ಚಿಗಟ ತುಂಬಿದ್ದರೆ ಬರೀ ಚರ್ಮದ ಮಾತಾಗಿ ಉಳಿಯುವುದಿಲ್ಲ, ರಕ್ತವೇ ಕಡಿಮೆಯಾಗುತ್ತದೆ. ವಸಡು ಎತ್ತಿ ನೋಡಿ, ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿದ್ದರೆ ಅವತ್ತೇ ತೋರಿಸಬೇಕು.

ಮೂರನೆಯದು, ನೆಲಕ್ಕೆ ತಾಗುವ ಜಾಗದಲ್ಲಷ್ಟೇ ಏಳುವ ಕೆಂಪು ದದ್ದು. ನೆಲ ಒರೆಸುವ ದ್ರಾವಣ ಬದಲಾಗಿದ್ದರೆ, ಹೊಸ ಹುಲ್ಲಿನಲ್ಲಿ ಆಡಿದ್ದರೆ, ಹಾಸಿಗೆಯನ್ನು ಬೇರೆ ಸೋಪಿನಲ್ಲಿ ಒಗೆದಿದ್ದರೆ ಬರುತ್ತದೆ. ಕಾರಣ ತೆಗೆದರೆ ಹೆಚ್ಚಾಗಿ ಕೆಲವೇ ದಿನದಲ್ಲಿ ಇಳಿಯುತ್ತದೆ.

ಆಯ್ಕೆಗೆ ಬಂದರೆ, ಕೀವುಗುಳ್ಳೆ ಹತ್ತು ಹದಿನೈದರೊಳಗೆ ಇದ್ದು ಮರಿ ಚುರುಕಾಗಿದ್ದರೆ ತೊಳೆದು, ಹಾಸಿಗೆ ಒಣಗಿಸಿ, ಒಂದು ವಾರ ನೋಡಬಹುದು. ಎಷ್ಟೋ ಮರಿಗಳಲ್ಲಿ ಅಷ್ಟರಲ್ಲೇ ಹೋಗುತ್ತದೆ. ಬೆನ್ನಿಗೆ ಹರಡಿದರೆ, ಗುಳ್ಳೆ ದೊಡ್ಡದಾಗಿ ಆಳಕ್ಕಿಳಿದರೆ, ಮುಟ್ಟಿದರೆ ಮರಿ ಕೂಗಿದರೆ ವಾರ ಕಾಯಬೇಡಿ. ಚಿಗಟವಾದರೆ ಕಾಯುವುದರಿಂದ ಏನೂ ಸಿಗುವುದಿಲ್ಲ, ವಯಸ್ಸಿಗೂ ತೂಕಕ್ಕೂ ಹೊಂದುವ ಔಷಧಿಯನ್ನು ಕೇಳಿ ತನ್ನಿ. ಮನೆಯ ಎಲ್ಲಾ ಪ್ರಾಣಿಗಳಿಗೂ ಮಾಡಬೇಕು, ಹಾಸಿಗೆಯನ್ನೂ ಬಿಸಿನೀರಲ್ಲಿ ಒಗೆಯಬೇಕು, ಯಾಕೆಂದರೆ ಮೊಟ್ಟೆಗಳು ಇರುವುದು ಅಲ್ಲೇ.

ಮುಖದ ಮೇಲಿನದು

ಇಲ್ಲಿ ಮೂರು ಸಂಗತಿಗಳನ್ನು ಬೇರೆ ಮಾಡಿ ನೋಡಲು ಬರಲೇಬೇಕು. ಈ ಬರಹದಲ್ಲಿ ಒಂದೇ ಭಾಗ ಓದುವುದಿದ್ದರೆ ಇದನ್ನು ಓದಿ.

ಮೊದಲನೆಯದು ಮೊಡವೆ. ಹೌದು, ನಾಯಿಗಳಿಗೂ ಬರುತ್ತದೆ. ಸಾಮಾನ್ಯವಾಗಿ ಐದು ತಿಂಗಳು ದಾಟಿದ ಮೇಲೆ, ಗದ್ದ ಮತ್ತು ಕೆಳತುಟಿಯ ಮೇಲೆ. ಬಾಕ್ಸರ್, ಡಾಬರ್‌ಮನ್, ಬುಲ್‌ಡಾಗ್, ಗ್ರೇಟ್ ಡೇನ್, ರಾಟ್‌ವೈಲರ್‌ನಂಥ ಗಿಡ್ಡ ಕೂದಲಿನ ತಳಿಗಳಲ್ಲಿ ಜಾಸ್ತಿ. ಗದ್ದವನ್ನು ನೆಲಕ್ಕೆ, ಆಟದ ಸಾಮಾನಿಗೆ ಉಜ್ಜಿದಾಗ ಗಿಡ್ಡ ಕೂದಲು ಮುರಿದು ಚರ್ಮದೊಳಕ್ಕೆ ಹೋಗುತ್ತದೆ, ಅದರ ಸುತ್ತ ಗುಳ್ಳೆ ಏಳುತ್ತದೆ. ಮರಿಗೆ ಅದರ ಪರಿವೆಯೇ ಇರುವುದಿಲ್ಲ. ಚೆನ್ನಾಗಿ ತಿನ್ನುತ್ತದೆ, ಆಡುತ್ತದೆ. ಹಿಂಡಬೇಡಿ. ಹಿಂಡಿದರೆ ಕೂದಲಿನ ಬುಡ ಚರ್ಮದೊಳಗೇ ಒಡೆದು, ಸಣ್ಣ ಗುಳ್ಳೆ ದೊಡ್ಡ ಗಂಟಾಗುತ್ತದೆ. ಗೀರು ಬಿದ್ದ ಪ್ಲಾಸ್ಟಿಕ್ ಬಟ್ಟಲು ಬಿಟ್ಟು ಸ್ಟೀಲಿನದಕ್ಕೆ ಬದಲಾಯಿಸಿ, ತಿಂದ ಮೇಲೆ ಗದ್ದ ಒರೆಸಿ ಒಣಗಿಸಿ. ಬಹಳಷ್ಟು ಮರಿಗಳಲ್ಲಿ ಪ್ರಾಯಕ್ಕೆ ಬಂದ ಮೇಲೆ ಹೋಗುತ್ತದೆ.

ಎರಡನೆಯದು ಪಪ್ಪಿ ಸ್ಟ್ರ್ಯಾಂಗಲ್ಸ್. ಸುಮಾರು ಮೂರು ವಾರದಿಂದ ನಾಲ್ಕು ತಿಂಗಳೊಳಗಿನ ಮರಿಗಳಿಗೆ ಬರುತ್ತದೆ, ಅಪರೂಪಕ್ಕೆ ಅದಕ್ಕಿಂತ ದೊಡ್ಡವಕ್ಕೂ. ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್, ಡ್ಯಾಶ್‌ಹುಂಡ್ ಮರಿಗಳಲ್ಲಿ ಹೆಚ್ಚು ಕಂಡಿದ್ದಾರೆ, ಆದರೆ ಯಾವ ತಳಿಗೂ ಬರಬಹುದು, ಮಿಶ್ರತಳಿಗೂ. ಮೊದಲು ತುಟಿ, ರೆಪ್ಪೆ, ಮೂತಿ ಊದಿಕೊಳ್ಳುತ್ತವೆ. ಒಂದೆರಡು ದಿನದಲ್ಲಿ ಅದೇ ಜಾಗದಲ್ಲಿ ಗುಳ್ಳೆ, ಕೀವು, ಹಕ್ಕಳೆ. ಕಿವಿಯ ಒಳಭಾಗವೂ ದಪ್ಪವಾಗುತ್ತದೆ. ದವಡೆಯ ಕೆಳಗೆ ಕೈಯಿಟ್ಟರೆ ಗ್ರಂಥಿಗಳು ಗೋಲಿಯಂತೆ, ಕೆಲವೊಮ್ಮೆ ನಿಂಬೆಕಾಯಿಯಂತೆ ಊದಿರುತ್ತವೆ. ನೋವಿರುತ್ತದೆ, ಬಹಳ ಮರಿಗಳಿಗೆ ಜ್ವರವಿರುತ್ತದೆ, ತಿನ್ನುವುದು ಬಿಡುತ್ತವೆ.

ಕೀವು ಕಂಡರೆ ಆಂಟಿಬಯೋಟಿಕ್ ಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಇಲ್ಲಿ ಅದರಿಂದ ಮಾತ್ರ ಏನೂ ಆಗುವುದಿಲ್ಲ. ಒಡೆಯದ ಗುಳ್ಳೆಯಿಂದ ಕೀವು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬ್ಯಾಕ್ಟೀರಿಯಾ ಇರುವುದೇ ಇಲ್ಲ. ಮರಿಯ ಕಾವಲು ಪಡೆ ತನ್ನದೇ ಚರ್ಮದ ಮೇಲೆ ತಿರುಗಿಬಿದ್ದಿರುತ್ತದೆ. ಅದನ್ನು ತಣಿಸಲು ಬೇಕಾಗಿರುವುದು ದೊಡ್ಡ ಪ್ರಮಾಣದ ಸ್ಟಿರಾಯ್ಡ್, ಡಾಕ್ಟರ್ ಲೆಕ್ಕ ಹಾಕಿ ಕೊಟ್ಟದ್ದು, ಕೆಲವು ವಾರ ಕೊಟ್ಟು ನಿಧಾನವಾಗಿ ಇಳಿಸುವಂಥದ್ದು. ಬೇಗ ಶುರುಮಾಡಿದರೆ ಮರಿ ಒಂದೆರಡು ದಿನದಲ್ಲೇ ತಲೆಯೆತ್ತುತ್ತದೆ. ತಡವಾದರೆ ಮುಖದಲ್ಲಿ ಕೂದಲಿಲ್ಲದ ಗಾಯದ ಗುರುತು ಕೊನೆವರೆಗೂ ಉಳಿಯುತ್ತದೆ, ಚಿಕಿತ್ಸೆಯೇ ಸಿಗದಿದ್ದರೆ ಜೀವವೂ ಹೋಗಬಹುದು.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಎಂಟು ವಾರದ ಮರಿಯ ಮೂತಿ ಊದಿತು. ಏನೋ ಕಚ್ಚಿರಬೇಕು ಅಂತ ಮೂರು ದಿನ ಕಾದರು. ಆಮೇಲೆ ಒಂದು ಕಡೆ ತೋರಿಸಿದರೆ ಸೋಂಕು ಅಂತ ಆಂಟಿಬಯೋಟಿಕ್ ಕೊಟ್ಟು ಕಳಿಸಿದರು. ಇನ್ನೂ ನಾಲ್ಕು ದಿನ ಹೋಯಿತು. ಎರಡನೇ ಡಾಕ್ಟರ್ ದವಡೆ ಕೆಳಗೆ ಮುಟ್ಟಿದ ತಕ್ಷಣ ಹೇಳಿದರು. ಮರಿ ಉಳಿಯಿತು, ಈಗ ದೊಡ್ಡದಾಗಿದೆ, ಮೂಗಿನ ಮೇಲೆ ಮಾತ್ರ ಕೂದಲು ಮತ್ತೆ ಬರಲಿಲ್ಲ. ನಾಲ್ಕು ತಿಂಗಳೊಳಗಿನ ಮರಿಯ ಮುಖ ಊದಿ, ಮರಿ ಮಂಕಾಗಿದ್ದರೆ ದವಡೆಯ ಕೆಳಗೆ ಕೈಯಿಟ್ಟು ನೋಡಿ. ಗಂಟು ಸಿಕ್ಕರೆ ಡಾಕ್ಟರಿಗೆ ಆ ಮಾತನ್ನು ಮೊದಲೇ ಹೇಳಿ.

ಮೂರನೆಯದು ಅಲರ್ಜಿಯ ಊತ, ಮನುಷ್ಯರಲ್ಲಿ ಪಿತ್ತದ ಗಂಧೆ ಅನ್ನುತ್ತೇವಲ್ಲ, ಅದೇ ಬಗೆಯದು. ಜೇನುನೊಣ ಅಥವಾ ಕಣಜ ಕಚ್ಚಿದಾಗ, ಲಸಿಕೆ ಹಾಕಿಸಿದಾಗ, ಹೊಸ ಔಷಧಿ ಕೊಟ್ಟಾಗ ಬರುತ್ತದೆ. ಸ್ಟ್ರ್ಯಾಂಗಲ್ಸ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ವೇಗ. ಇದು ನಿಮಿಷಗಳಲ್ಲಿ, ಹೆಚ್ಚೆಂದರೆ ಕೆಲವು ಗಂಟೆಗಳಲ್ಲಿ ಏಳುತ್ತದೆ. ಮೈಮೇಲಾದರೆ ಅಲ್ಲಲ್ಲಿ ಕೂದಲು ಸಣ್ಣ ಸಣ್ಣ ದಿಬ್ಬದಂತೆ ನಿಂತಿರುತ್ತದೆ, ಕೈಯಾಡಿಸಿದರೆ ಮೆತ್ತಗಿನ ಉಬ್ಬು ಸಿಗುತ್ತದೆ. ಕೀವಿಲ್ಲ, ಹಕ್ಕಳೆಯಿಲ್ಲ. ಒಂದೆರಡು ದಿನದೊಳಗೆ ಗುರುತೂ ಇಲ್ಲದೆ ಇಳಿದುಹೋಗುತ್ತದೆ.

ಮುಖ ಊದಿದೆ, ಮರಿ ಆರಾಮಾಗಿ ಉಸಿರಾಡುತ್ತಿದೆ ಎಂದಾದರೆ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ, ಪಕ್ಕದಲ್ಲೇ ಇದ್ದು ನೋಡುತ್ತಿರಿ. ಆದರೆ ಪದೇ ಪದೇ ವಾಂತಿ, ಭೇದಿ, ಕಾಲಲ್ಲಿ ಶಕ್ತಿ ಇಲ್ಲದೆ ಕುಸಿಯುವುದು, ಬಿಳಿಚಿದ ವಸಡು, ಉಸಿರಿಗೆ ಕಷ್ಟ, ಇವುಗಳಲ್ಲಿ ಒಂದು ಸೇರಿದರೂ ಫೋನ್ ಮಾಡುತ್ತಾ ಕೂರಬೇಡಿ, ಹೊರಡಿ. ನಾಯಿಗಳಲ್ಲಿ ತೀವ್ರ ಅಲರ್ಜಿಯ ಪೆಟ್ಟು ಮೊದಲು ಹೊಟ್ಟೆ ಮತ್ತು ಲಿವರ್ ಕಡೆ ಬೀಳುವುದೇ ಹೆಚ್ಚು. ಹಾಗಾಗಿ ಕಣಜ ಕಚ್ಚಿದ ಮೇಲೆ ಬರುವ ವಾಂತಿಯನ್ನು ಏನೋ ತಿಂದಿರಬೇಕು ಅಂತ ತಳ್ಳಿಹಾಕಬೇಡಿ. ನಿಮ್ಮ ಅಲರ್ಜಿ ಮಾತ್ರೆಯನ್ನೂ ಕೊಡಬೇಡಿ. ಕೆಲವದರಲ್ಲಿ ಶೀತಕ್ಕೆಂದು ಸೇರಿಸಿದ ಬೇರೆ ಔಷಧಿ ಇರುತ್ತದೆ, ಅದು ನಾಯಿಗೆ ಅಪಾಯ.

ಕೂದಲು ಉದುರಿ ಗುಳ್ಳೆ ಎದ್ದಿದ್ದರೆ

ಡೆಮೋಡೆಕ್ಸ್, ಹುಳುಕಡ್ಡಿ, ಕಜ್ಜಿ, ಈ ಮೂರನ್ನು ಬೇರೆ ಮಾಡಲು ಎರಡೇ ಪ್ರಶ್ನೆ. ತುರಿಕೆ ಎಷ್ಟಿದೆ? ಮನೆಯವರಿಗೆ ಬಂದಿದೆಯಾ?

ಡೆಮೋಡೆಕ್ಸ್ ನುಸಿ ಹುಟ್ಟಿದ ಮೊದಲ ಕೆಲವು ದಿನಗಳಲ್ಲೇ, ಹಾಲು ಕುಡಿಯುವಾಗ ತಾಯಿಯಿಂದ ಮರಿಗೆ ಬರುತ್ತದೆ. ಬಹುತೇಕ ಎಲ್ಲಾ ನಾಯಿಗಳ ಕೂದಲಿನ ಬುಡದಲ್ಲೂ ಅದು ಇದ್ದೇ ಇರುತ್ತದೆ, ಕಾವಲು ಬಲಿಯದ ಕೆಲವು ಮರಿಗಳಲ್ಲಿ ಮಾತ್ರ ಹೆಚ್ಚಾಗುತ್ತದೆ. ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ ಕಣ್ಣಿನ ಸುತ್ತ, ಬಾಯಿಯ ಮೂಲೆ, ಮುಂಗಾಲಿನ ಮೇಲೆ ಕೂದಲು ತೆಳುವಾಗುತ್ತದೆ. ಸ್ವಲ್ಪ ಕೆಂಪು, ಸ್ವಲ್ಪ ಹೊಟ್ಟು, ಕೆಲವು ಕಪ್ಪು ಚುಕ್ಕೆ. ತುರಿಕೆ ಇಲ್ಲ ಅನ್ನುವಷ್ಟು ಕಡಿಮೆ. ಯಾರಿಗೂ ಅಂಟುವುದಿಲ್ಲ. ನಾಲ್ಕೈದು ಕಡೆ ಸಣ್ಣದಾಗಿ ಇರುವುದಾದರೆ 10ರಲ್ಲಿ 9 ಮರಿಗಳಲ್ಲಿ ತಾನಾಗೇ ಗುಣವಾಗುತ್ತದೆ, ಆರರಿಂದ ಎಂಟು ವಾರ ಹಿಡಿಯುತ್ತದೆ. ಒಮ್ಮೆ ಚರ್ಮ ಕೆರೆದು ಪರೀಕ್ಷೆ ಮಾಡಿಸಿ ಅದೇ ಹೌದು ಅಂತ ತಿಳಿದ ಮೇಲೆ ಕಾಯುವುದೇ ಇಲ್ಲಿ ಸರಿಯಾದ ದಾರಿ. ಪಾದಕ್ಕೆ ಇಳಿದರೆ, ಮೈತುಂಬ ಹರಡಿದರೆ ಕಾಯುವ ಕಾಲ ಮುಗಿದಂತೆ. ಅದಕ್ಕೀಗ ಒಳ್ಳೆಯ ಮಾತ್ರೆಗಳಿವೆ, ಹೆಚ್ಚಿನವು ಎಂಟು ವಾರ ದಾಟಿದ, ಇಂತಿಷ್ಟು ತೂಕವಿರುವ ಮರಿಗಳಿಗೆ ಮಾತ್ರ.

ಹುಳುಕಡ್ಡಿ ಹೆಸರಿಗೆ ಹುಳ, ನಿಜವಾಗಿ ಶಿಲೀಂಧ್ರ. ದುಂಡಗೆ ಕೂದಲು ಹೋಗುತ್ತದೆ, ಅಂಚು ಸ್ವಲ್ಪ ಕೆಂಪು, ಹೊಟ್ಟು ಏಳುತ್ತದೆ, ಕೂದಲು ಕತ್ತರಿಸಿದಂತೆ ಗಿಡ್ಡವಾಗಿ ಮುರಿದಿರುತ್ತದೆ. ಡೆಮೋಡೆಕ್ಸ್‌ನಂತೆಯೇ ಕಾಣಬಹುದು, ಆದರೆ ಇದು ಅಂಟುತ್ತದೆ. ಮಕ್ಕಳಿಗೆ ಬೇಗ. ಮಗುವಿನ ತೋಳಲ್ಲಿ ದುಂಡಗಿನ ಕೆಂಪು ಉಂಗುರ ಕಂಡರೆ ಅನುಮಾನ ಇದರ ಮೇಲೇ. ನೇರಳೆ ಬೆಳಕಿನ ವುಡ್ಸ್ ದೀಪದಲ್ಲಿ ಕೂದಲು ಹಸಿರಾಗಿ ಹೊಳೆದರೆ ಇದೆ ಅನ್ನಬಹುದು, ಹೊಳೆಯದಿದ್ದರೆ ಇಲ್ಲ ಅನ್ನಲು ಬರುವುದಿಲ್ಲ, ಯಾಕೆಂದರೆ ಎಲ್ಲಾ ಜಾತಿಯ ಶಿಲೀಂಧ್ರಗಳೂ ಹೊಳೆಯುವುದಿಲ್ಲ. ಆಗ ಕೂದಲನ್ನು ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸುತ್ತಾರೆ, ಫಲಿತಾಂಶಕ್ಕೆ ಎರಡು ಮೂರು ವಾರ ಬೇಕಾಗಬಹುದು. ಅಲ್ಲಿಯವರೆಗೆ ಮರಿಯನ್ನು ಒಂದೇ ಕೋಣೆಯಲ್ಲಿಟ್ಟು, ಉದುರಿದ ಕೂದಲನ್ನು ದಿನವೂ ಗುಡಿಸಿ ತೆಗೆಯಿರಿ.

ಕಜ್ಜಿ ಬಂದರೆ ನಿಮಗೆ ನಿದ್ದೆ ಇರುವುದಿಲ್ಲ, ಯಾಕೆಂದರೆ ಮರಿಗೂ ಇರುವುದಿಲ್ಲ. ಸಾರ್ಕಾಪ್ಟೀಸ್ ನುಸಿ ಚರ್ಮದೊಳಗೆ ಸುರಂಗ ಕೊರೆಯುತ್ತದೆ. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಿಣ್ಣು, ಹೊಟ್ಟೆಯಲ್ಲಿ ಕೆಂಪು ಗುಳ್ಳೆ ಮತ್ತು ದಪ್ಪ ಹಕ್ಕಳೆ. ಕಿವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಉಜ್ಜಿ ನೋಡಿ. ಹಿಂಗಾಲು ತಾನಾಗೇ ಎದ್ದು ಕೆರೆಯಲು ಶುರುವಾದರೆ ಕಜ್ಜಿಯ ಅನುಮಾನ ಬಲವಾಗುತ್ತದೆ. ಮರಿಯನ್ನು ಎತ್ತಿಕೊಳ್ಳುವವರ ತೋಳು, ಸೊಂಟದಲ್ಲೂ ತುರಿಕೆಯ ಗುಳ್ಳೆ ಏಳಬಹುದು. ಈ ನುಸಿ ಮನುಷ್ಯರ ಮೈಯಲ್ಲಿ ಬಹಳ ದಿನ ಬದುಕುವುದಿಲ್ಲ, ಮರಿಗೆ ವಾಸಿಯಾದರೆ ನಮಗೂ ವಾಸಿ. ಚರ್ಮ ಕೆರೆದು ನೋಡಿದರೂ ನುಸಿ ಸಿಗದೇ ಹೋಗುವುದು ಇಲ್ಲಿ ಮಾಮೂಲು. ಹಾಗಾಗಿ ಲಕ್ಷಣ ನೋಡಿಯೇ ಡಾಕ್ಟರ್ ಔಷಧಿ ಶುರುಮಾಡಿದರೆ ಅದು ಊಹೆಯ ಕೆಲಸ ಅಂದುಕೊಳ್ಳಬೇಡಿ. ಇದರಲ್ಲಿ ಕಾಯುವುದು, ಬರೀ ತೊಳೆಯುವುದು ಎರಡೂ ಉಪಯೋಗವಿಲ್ಲ.

ನುಸಿಗೆ ಕೊಡುವ ಹಳೆಯ ಐವರ್ಮೆಕ್ಟಿನ್ ಇಂಜೆಕ್ಷನ್ ಬಗ್ಗೆ ಒಂದು ಮಾತು. ಕೋಲಿ ಮತ್ತು ಅದರ ಹತ್ತಿರದ ಕೆಲವು ತಳಿಗಳಿಗೆ ಅದು ಮೆದುಳಿಗೆ ಹೋಗಿ ವಿಷವಾಗುತ್ತದೆ. ತೀರಾ ಚಿಕ್ಕ ಮರಿಗಳಿಗೂ ಕೊಡುವಂಥದ್ದಲ್ಲ. ಯಾರದ್ದೋ ನಾಯಿಗೆ ಉಳಿದ ಬಾಟಲಿ ಇದೆ ಅಂತ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ.

ಒಂದೇ ಒಂದು ಗಂಟು

ಮೊದಲು ಅದು ಗಂಟೇ ಹೌದಾ ನೋಡಿ. ಹೊಟ್ಟೆಯ ಮೇಲೆ ಎರಡು ಸಾಲಲ್ಲಿ ಎದುರುಬದುರಾಗಿ ಇದ್ದರೆ ಅವು ಮೊಲೆತೊಟ್ಟು. ಸಾಮಾನ್ಯವಾಗಿ 8ರಿಂದ 10 ಇರುತ್ತವೆ, ಗಂಡು ಮರಿಗೂ ಇರುತ್ತವೆ. ಉಣ್ಣೆ ಅಂದುಕೊಂಡು ಚಿಮುಟದಿಂದ ಎಳೆದು ಗಾಯ ಮಾಡಿದವರಿದ್ದಾರೆ, ಮರಿ ಎಷ್ಟು ನೋವುಂಡಿರಬೇಕು ಯೋಚಿಸಿ. ಉಣ್ಣೆಯಾದರೆ ಬುಡದಲ್ಲಿ ಕಾಲುಗಳು ಕಾಣುತ್ತವೆ, ಟಾರ್ಚ್ ಹಿಡಿದು ನೋಡಿ. ಸಣ್ಣ ತುದಿಯ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ ನೇರಕ್ಕೆ ಎಳೆಯಿರಿ. ಎಣ್ಣೆ ಹಾಕುವುದು, ಬೆಂಕಿ ತೋರಿಸುವುದು ಬೇಡ. ಉಣ್ಣೆ ತೆಗೆದ ಜಾಗದಲ್ಲಿ ಒಂದೆರಡು ವಾರ ಸಣ್ಣ ಗಟ್ಟಿ ಗುಳ್ಳೆ ಉಳಿಯುವುದು ಸಾಮಾನ್ಯ. ಹೊಕ್ಕುಳಿನ ಜಾಗದಲ್ಲಿ ಮೆತ್ತಗೆ ಉಬ್ಬಿದ್ದು, ಒತ್ತಿದರೆ ಒಳಗೆ ಹೋಗುವುದಾದರೆ ಅದು ಚರ್ಮದ ಗಂಟಲ್ಲ, ಹೊಕ್ಕುಳ ಹರ್ನಿಯ. ಸಣ್ಣದಾದರೆ ಆರು ತಿಂಗಳೊಳಗೆ ಮುಚ್ಚಿಕೊಳ್ಳಬಹುದು. ಗಟ್ಟಿಯಾಗಿ, ಬಿಸಿಯಾಗಿ, ಒಳಗೆ ಹೋಗದಂತಾಗಿ, ಮರಿ ವಾಂತಿ ಮಾಡಿದರೆ ತಕ್ಷಣ ಹೊರಡಬೇಕು.

ಲಸಿಕೆ ಹಾಕಿದ ಜಾಗದಲ್ಲಿ ಕೆಲವು ದಿನದಲ್ಲಿ ನೋವಿಲ್ಲದ ಗಟ್ಟಿ ಗಂಟು ಬಂದರೆ ಹೆದರಬೇಡಿ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕರಗುತ್ತದೆ. ಒಂದು ತಿಂಗಳಾದರೂ ಇದ್ದರೆ ಅಥವಾ ಬೆಳೆಯುತ್ತಿದ್ದರೆ ತೋರಿಸಿ.

ಕಿವಿ, ತಲೆ, ಕಾಲಿನ ಮೇಲೆ ಕೂದಲಿಲ್ಲದ, ಕೆಂಪಗೆ ದುಂಡಗೆ ಗುಂಡಿಯಂತೆ ಎದ್ದ ಒಂದು ಗಂಟು, ಎರಡು ಮೂರು ವಾರದಲ್ಲೇ 1 ಸೆಂಟಿಮೀಟರ್ ಆದರೆ, ನೋಡಿದವರ ಎದೆ ಧಸಕ್ಕೆನ್ನುತ್ತದೆ. ಮೂರು ವರ್ಷದೊಳಗಿನ ನಾಯಿಗಳಲ್ಲಿ ಇದು ಹೆಚ್ಚಾಗಿ ಹಿಸ್ಟಿಯೊಸೈಟೋಮ. ಗಡ್ಡೆಯೇ ಹೌದು, ಆದರೆ ಕೆಡುಕಿನದಲ್ಲ. ಎರಡು ಮೂರು ತಿಂಗಳಲ್ಲಿ ಮೈಯ ಕಾವಲು ಕಣಗಳೇ ಒಳಗೆ ನುಗ್ಗಿ ಅದನ್ನು ಕರಗಿಸುತ್ತವೆ. ಇಲ್ಲೂ ಅದೇ ಮಾತು ಬರುತ್ತದೆ, ಸ್ಟಿರಾಯ್ಡ್ ಹಚ್ಚಿದರೆ ಕರಗಿಸುವ ಕೆಲಸಕ್ಕೇ ಅಡ್ಡಿ. ಆದರೂ ಕಾಯುವ ಮುಂಚೆ ಒಮ್ಮೆ ಸೂಜಿ ಹಾಕಿ ಕಣ ಪರೀಕ್ಷೆ ಮಾಡಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಮಾಸ್ಟ್ ಸೆಲ್ ಗಡ್ಡೆ ಎಂಬ ಕೆಟ್ಟದ್ದೂ ಹೊರಗಿನಿಂದ ಹೀಗೇ ಕಾಣಬಹುದು. ಮರಿಗಳಲ್ಲಿ ಅದು ಅಪರೂಪ. ಪರೀಕ್ಷೆಗೆ ಹೆಚ್ಚಾಗಿ ಅರಿವಳಿಕೆ ಬೇಕಾಗುವುದಿಲ್ಲ, ನಿಮಿಷಗಳಲ್ಲಿ ಮುಗಿಯುತ್ತದೆ.

ತುಟಿ, ನಾಲಿಗೆ, ಬಾಯೊಳಗೆ ಹೂಕೋಸಿನಂತೆ ಎದ್ದಿದ್ದರೆ ನರಹುಲಿ. ವೈರಸ್‌ನಿಂದ ಬರುತ್ತದೆ, ಒಂದು ನಾಯಿಯಿಂದ ಇನ್ನೊಂದಕ್ಕೆ ಅಂಟುತ್ತದೆ, ಮನುಷ್ಯರಿಗಿಲ್ಲ. ತಗುಲಿ ಒಂದೆರಡು ತಿಂಗಳಾದ ಮೇಲೆ ಕಾಣುವುದರಿಂದ ಎಲ್ಲಿಂದ ಬಂತು ಅಂತ ಹುಡುಕುವುದು ಕಷ್ಟ. ಹೆಚ್ಚಿನವು ಒಂದರಿಂದ ಐದು ತಿಂಗಳಲ್ಲಿ ತಾವೇ ಉದುರುತ್ತವೆ. ಅಲ್ಲಿಯವರೆಗೆ ಬಟ್ಟಲು, ಆಟದ ಸಾಮಾನು ಬೇರೆ ಇಡಿ. ತಿನ್ನಲು, ನುಂಗಲು ತೊಂದರೆಯಾಗುವಷ್ಟು ಬೆಳೆದರೆ ಮಾತ್ರ ತೆಗೆಸಬೇಕಾಗುತ್ತದೆ. ಮನುಷ್ಯರ ನರಹುಲಿ ಔಷಧಿಯನ್ನು ಖಂಡಿತ ಹಚ್ಚಬೇಡಿ. ಫ್ಲೂರೋಯುರಾಸಿಲ್ ಇರುವ ಕ್ರೀಮನ್ನು ಸ್ವಲ್ಪ ನೆಕ್ಕಿದರೂ ನಾಯಿ ಸಾಯಬಹುದು, ಖಾಲಿ ಟ್ಯೂಬ್ ಕಚ್ಚಿದರೂ ಅಷ್ಟೇ.

ತೊಳೆಯುವುದಾದರೆ ಹೀಗೆ

ನಾಯಿಗಳಿಗೆಂದೇ ಮಾಡಿದ, 2ರಿಂದ 4 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ ಕೀವುಗುಳ್ಳೆಗೆ ಒಳ್ಳೆಯ ಆಯ್ಕೆ. ಹಚ್ಚಿದ ಕೂಡಲೇ ತೊಳೆದರೆ ಉಪಯೋಗವಿಲ್ಲ, ಚರ್ಮದ ಮೇಲೆ ಹತ್ತು ನಿಮಿಷ ಇರಬೇಕು. ಗಡಿಯಾರ ನೋಡಿ, ಹತ್ತು ನಿಮಿಷ ನಾವಂದುಕೊಳ್ಳುವುದಕ್ಕಿಂತ ಬಹಳ ಉದ್ದ. ಕಣ್ಣಿಗೆ, ಕಿವಿಯೊಳಗೆ ಹೋಗಬಾರದು. ವಾರಕ್ಕೆ ಎರಡು ಸಲ ಸಾಕು. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮರಿಗಳ ಮೈ ಬೇಗ ತಣ್ಣಗಾಗುತ್ತದೆ. ಎಂಟು ವಾರದೊಳಗಿನ ಮರಿಯಾದರೆ ಸ್ನಾನ ಬಿಟ್ಟು, ಡಾಕ್ಟರನ್ನು ಕೇಳಿ ಬರೀ ಗುಳ್ಳೆಯ ಜಾಗ ಒರೆಸುವುದು ಮೇಲು. ನಮ್ಮ ಶಾಂಪೂ ಬೇಡ, ಅದು ನಮ್ಮ ಚರ್ಮದ ಹುಳಿಗೆ ತಕ್ಕಂತೆ ಮಾಡಿದ್ದು, ನಾಯಿಯ ಚರ್ಮ ಅಷ್ಟು ಹುಳಿಯಲ್ಲ. ಟೀ ಟ್ರೀ ಎಣ್ಣೆ, ಜಿಂಕ್ ಇರುವ ಮುಲಾಮು, ಡೆಟ್ಟಾಲ್‌ನಂಥ ದ್ರಾವಣ ಯಾವುದೂ ಬೇಡ. ಮರಿ ತನ್ನ ಮೈಯನ್ನು ತಾನು ನೆಕ್ಕುತ್ತದೆ, ಹಚ್ಚಿದ್ದೆಲ್ಲಾ ಹೊಟ್ಟೆಗೆ ಹೋಗುತ್ತದೆ.

ತೋರಿಸಲು ಹೊರಟರೆ

ಗುಳ್ಳೆ ಕಂಡ ದಿನವೇ ಒಂದು ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಎರಡು ದಿನಕ್ಕೊಮ್ಮೆ ಅದೇ ಬೆಳಕಲ್ಲಿ ಮತ್ತೆ ತೆಗೆಯಿರಿ. ಬೆಳೆಯುತ್ತಿದೆ ಅಂತ ಅನಿಸುವುದಕ್ಕೂ ಬೆಳೆದಿರುವುದಕ್ಕೂ ವ್ಯತ್ಯಾಸ ಅದರಲ್ಲೇ ಗೊತ್ತಾಗುತ್ತದೆ. ಜಂತುಹುಳದ ಔಷಧಿ ಯಾವಾಗ ಕೊಟ್ಟಿರಿ, ಲಸಿಕೆ ಯಾವಾಗ ಆಯಿತು, ಏನಾದರೂ ಹಚ್ಚಿದ್ದೀರಾ, ಬರೆದುಕೊಂಡು ಹೋಗಿ. ಟ್ಯೂಬ್ ಹಚ್ಚಿದ್ದರೆ ಮುಚ್ಚಿಡಬೇಡಿ, ಆ ಟ್ಯೂಬನ್ನೇ ತೆಗೆದುಕೊಂಡು ಹೋಗಿ ತೋರಿಸಿ, ನಾವೂ ಕೊನೆಗೆ ಹಾಗೇ ಮಾಡಿದ್ದು. ಚರ್ಮ ಕೆರೆದು ನೋಡುತ್ತೀರಾ, ಕೀವಿನ ಪರೀಕ್ಷೆ ಮಾಡುತ್ತೀರಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಆಂಟಿಬಯೋಟಿಕ್ ಬರೆದರೆ ಹೇಳಿದಷ್ಟು ದಿನ ಪೂರ್ತಿ ಕೊಡಿ. ಎರಡು ಸಲ ಕೊಟ್ಟರೂ ಹೋಗದಿದ್ದರೆ ಮೂರನೆಯದಕ್ಕೆ ಮುಂಚೆ ಕಲ್ಚರ್ ಪರೀಕ್ಷೆ ಕೇಳಿ, ಔಷಧಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ನಾಯಿಗಳಲ್ಲೂ ಇದೆ.

ಹಿಂದಿನ ದಿನ ಸ್ನಾನ ಮಾಡಿಸಬೇಡಿ. ಕೊಳಕಾಗಿದೆ, ಡಾಕ್ಟರ್ ಏನಂದುಕೊಳ್ಳುತ್ತಾರೋ ಅಂತ ತೊಳೆದು ಕರೆದುಕೊಂಡು ಹೋದರೆ ಗುಳ್ಳೆಗಳೆಲ್ಲಾ ಒಡೆದು, ಹಕ್ಕಳೆ ಕೊಚ್ಚಿಹೋಗಿರುತ್ತದೆ. ಅವರಿಗೆ ಬೇಕಾಗಿರುವುದು ಒಡೆಯದ ಒಂದು ಗುಳ್ಳೆ, ಅದರ ತುದಿ ಚುಚ್ಚಿ ಒಂದು ಹನಿ ಕೀವನ್ನು ಗಾಜಿನ ಮೇಲೆ ತೆಗೆದು ನೋಡಲು.